ಪೂಜೆಯ ಹಾಡಿಗೆ ಕಾದವರು

ದೀಪಾವಳಿ ಸಮೀಪಿಸಿತೆಂದರೆ ವಿಶೇಷಾಂಕಗಳ ಹಾದಿ ಕಾಯುವ ಅಭ್ಯಾಸ ಕನ್ನಡ ಓದುಗರಿಗೆ ಹೊಸದಲ್ಲ. ಈ ಸಲ ಯಾರ ಕಥೆಯಿದೆ, ಯಾರ ಕವನವಿದೆ ಎಂದು ಪುಟ ತಿರುವುವ ಆ ಆತುರವನ್ನು ಬಲ್ಲವರಿಗೆ ಬಂಗಾಳದ ಒಂದು ಸಂಪ್ರದಾಯವನ್ನು ವಿವರಿಸುವುದು ಸುಲಭ. ದುರ್ಗಾಪೂಜೆಯ ಕಾಲಕ್ಕೆ ಅಲ್ಲಿನ ಜನ ಶಾರದೀಯ ಸಂಚಿಕೆಗಳಿಗೆ ಕಾಯುತ್ತಿದ್ದಂತೆಯೇ ಧ್ವನಿಮುದ್ರಿಕೆಗಳಿಗೂ ಕಾಯುತ್ತಿದ್ದರು. ಆ ವರ್ಷದ ಹಬ್ಬಕ್ಕೆಂದೇ ಹೊಸದಾಗಿ ಬರೆದು, ಧಾಟಿ ಕೂಡಿಸಿ, ಮೆಚ್ಚಿನ ಗಾಯಕರಿಂದ ಹಾಡಿಸಿದ ಹಾಡುಗಳು ಅವು. ‘ಪೂಜೋರ್ ಗಾನ್’ ಎಂದು ಅವುಗಳಿಗೆ ಹೆಸರು. ಹೆಸರನ್ನು ಕೇಳಿ ದೇವೀಸ್ತುತಿಗಳಿರಬೇಕೆಂದು ನಾವು ಊಹಿಸಿದರೆ ಮೋಸಹೋಗುತ್ತೇವೆ. ಅವುಗಳಲ್ಲಿ ಬಹುಪಾಲು ಪ್ರೇಮದ, ವಿರಹದ, ಮಳೆಯ, ಬಿಟ್ಟುಬಂದ ಹಳ್ಳಿಯ ಹಾಡುಗಳು.

ಇದರ ಮೂಲ ವ್ಯಾಪಾರದಲ್ಲಿದೆ, ಅದನ್ನು ಮರೆಮಾಚಬೇಕಾಗಿಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡರು. ಆ ಅಚ್ಚುಗಳು ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ, ಮತ್ತೆ ಸಮುದ್ರ ದಾಟಿ ಬರಬೇಕಾಗಿತ್ತು. ಅಷ್ಟು ದೂರದ ಸರಕಿಗೆ ಹಬ್ಬದ ದಿನವನ್ನು ಗೊತ್ತುಮಾಡುವುದೆಂತು? 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ತೆರೆದ ಮೇಲೆ ಅದು ಸಾಧ್ಯವಾಯಿತು. 1914ರಲ್ಲಿ ಪೂಜೆಯ ಹೊಸ ಹಾಡುಗಳ ಪಟ್ಟಿ ಹೊರಬಿದ್ದಿತು. ಹೊಸ ಬಟ್ಟೆ ಕೊಳ್ಳುವ ದಿನಗಳಲ್ಲಿ ಕೈಯಲ್ಲಿ ನಾಲ್ಕು ಕಾಸಿರುವವನು ಹೊಸ ಹಾಡನ್ನೂ ಕೊಂಡಾನು ಎಂಬುದೇ ಲೆಕ್ಕಾಚಾರ.

ಲೆಕ್ಕಾಚಾರ ತಪ್ಪುವುದೂ ಉಂಟು. ಕವಿ ಕಾಜಿ ನಜ್ರುಲ್ ಇಸ್ಲಾಂ ಆ ಕಂಪನಿಗೆ ಹಾಡು ಬರೆದು ರಾಗ ಹಾಕಿಕೊಡುತ್ತಿದ್ದ ಕಾಲದಲ್ಲಿ ಗಾಯಕ ಅಬ್ಬಾಸುದ್ದೀನ್ ಅಹಮದರು, ಮುಸಲ್ಮಾನರ ಹಬ್ಬಕ್ಕೂ ಬಂಗಾಳಿಯಲ್ಲಿ ಹಾಡು ಬರಲಿ ಎಂದು ಕೇಳಿದರು. ಅಂಥದಕ್ಕೆ ಗಿರಾಕಿಗಳೆಲ್ಲಿ ಎಂದು ಕಂಪನಿ ಹಿಂದೇಟು ಹಾಕಿತು. ಪಟ್ಟುಬಿಡದೆ ಒಪ್ಪಿಸಿ, 1931ರಲ್ಲಿ ನಜ್ರುಲ್ ಬರೆದ ಈದ್ ಗೀತೆಯನ್ನು ಹಾಡಿ, ಮುಂದಿನ ಈದ್‌ಗೆ ಅದು ಹೊರಬರುವಂತೆ ಮಾಡಿದರು. ರಜೆ ಮುಗಿಸಿ ಊರಿನಿಂದ ಕಲ್ಕತ್ತೆಗೆ ಮರಳಿದಾಗ ಟ್ರಾಮಿನಲ್ಲಿ ಪಕ್ಕದ ಯುವಕನೊಬ್ಬ ಅದನ್ನೇ ಗುನುಗುತ್ತಿದ್ದನಂತೆ; ತಮ್ಮ ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಬಾಂಗ್ಲಾದೇಶದಲ್ಲಿ ರಂಜಾನಿನ ಕೊನೆಯ ಚಂದ್ರ ಕಂಡೊಡನೆ ಇಂದಿಗೂ ಮೊಳಗುವುದು ಆ ಹಾಡೇ.

ಎಚ್.ಎಂ.ವಿ.ಯವರು ಪೂಜೆಗೆ ಮುನ್ನ ‘ಶರದ್ ಅರ್ಘ್ಯ’ ಎಂಬ ಪುಸ್ತಿಕೆಯನ್ನು ಹೊರಡಿಸುತ್ತಿದ್ದರು. ಅದರಲ್ಲಿ ಗಾಯಕರ ಭಾವಚಿತ್ರ, ಹಾಡಿನ ಪೂರ್ಣ ಪಾಠ, ಬರೆದವರ ಹೆಸರು, ರಾಗ ಹಾಕಿದವರ ಹೆಸರು ಎಲ್ಲವೂ ಇರುತ್ತಿದ್ದವು. ಹಾಡನ್ನು ಕೇಳುವ ಮೊದಲೇ ಓದುವುದು! ಸಾಹಿತ್ಯಪ್ರಿಯರಾದ ನಾವು ಗಮನಿಸಬೇಕಾದ ಸಂಗತಿ ಇದು. ಈ ಸಲ ಹೇಮಂತ ಮುಖರ್ಜಿಗೆ ಯಾರು ಬರೆದಿದ್ದಾರೆ, ಸಂಧ್ಯಾ ಮುಖರ್ಜಿಗೆ ಯಾರ ಧಾಟಿ ಎಂಬ ಚರ್ಚೆ ಸೂಜಿ ತಟ್ಟೆಗೆ ತಾಗುವ ಮುನ್ನವೇ ಆರಂಭವಾಗಬಹುದಿತ್ತು. ಇನ್ನು, ಯಂತ್ರ ಕೊಳ್ಳಲಾರದವರ ಪಾಡೇನು ಎನ್ನುವಿರಾ? ಅವರ ಪಾಲನ್ನು ಬೀದಿಬೀದಿಯ ಪೂಜಾ ಚಪ್ಪರದ ಧ್ವನಿವರ್ಧಕ ಒದಗಿಸುತ್ತಿತ್ತು. ಒಬ್ಬನ ಕೊಠಡಿಯ ಸುಖವಾಗಿ ಉಳಿಯಬಹುದಾಗಿದ್ದ ಧ್ವನಿಮುದ್ರಿಕೆ ನಾಲ್ಕು ದಿನಗಳಲ್ಲಿ ಇಡೀ ಓಣಿಗೆ ಕಂಠಪಾಠವಾಗುತ್ತಿತ್ತು.

ಇಂಥ ಕಾತರವೇ ಕೆಲವೊಮ್ಮೆ ದಿಟ್ಟ ಪ್ರಯೋಗಗಳಿಗೆ ಎಡೆಮಾಡಿತು. ಎಪ್ಪತ್ತೆಂಟು ಸುತ್ತಿನ ತಟ್ಟೆಯ ಒಂದು ಮೈಯಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷ. 1949ರಲ್ಲಿ ಸಲಿಲ್ ಚೌಧುರಿ ಬರೆದು ರಾಗ ಹಾಕಿ, ಹೇಮಂತರು ಹಾಡಿದ ‘ಗಾಂಯೇರ್ ಬೊಧು’ ಎರಡೂ ಮೈಗಳನ್ನು ತುಂಬಿಕೊಂಡ ಒಂದೇ ಹಾಡು. ಹಳ್ಳಿಯ ಸೊಸೆಯೊಬ್ಬಳ ತುಂಬಿದ ಸಂಸಾರ ಮೊದಲ ಮೈಯಲ್ಲಿ. ತಟ್ಟೆ ಮಗುಚಿ ಹಾಕಿದರೆ ಕ್ಷಾಮ. 1943ರ ಬರಗಾಲವನ್ನು ಕಣ್ಣಾರೆ ಕಂಡಿದ್ದವರು ಹಬ್ಬದ ಸಡಗರದ ನಡುವೆ ಇದನ್ನು ಕೇಳಿದರು, ಕೊಂಡರು, ಮತ್ತೆ ಮತ್ತೆ ಹಾಕಿಸಿಕೊಂಡರು. ಸಿನಿಮಾದ ಹಂಗಿಲ್ಲದ ಹಾಡೊಂದು ಇಷ್ಟು ಭಾರವನ್ನು ಹೊತ್ತೀತೆಂದು ನಾನಂತೂ ಇದನ್ನು ಕೇಳುವತನಕ ನಂಬಿರಲಿಲ್ಲ.

ಈ ಧಾಟಿಗಳು ನಮ್ಮ ಕಿವಿಗೂ ಬಿದ್ದಿವೆ, ನಾವು ಗುರುತಿಸಿಲ್ಲ ಅಷ್ಟೆ. ‘ಪರಖ್’ (1960) ಚಿತ್ರದಲ್ಲಿ ಲತಾ ಹಾಡಿದ ಮಳೆಯ ಗೀತೆ ಸಲಿಲರದೇ ಬಂಗಾಳಿ ಹಾಡೊಂದರ ಮರುಹುಟ್ಟು; ಆರ್.ಡಿ. ಬರ್ಮನ್ ತಾವೇ ಹಾಡಿದ ಪೂಜೆಯ ಹಾಡೊಂದು ‘ಅನಾಮಿಕಾ’ (1973) ಚಿತ್ರದಲ್ಲಿ ಕಿಶೋರ್ ಕುಮಾರರ ಕಂಠವೇರಿತು. ಅದೇ ಸಲಿಲರು ಕನ್ನಡದ ‘ಕೋಕಿಲ’ಕ್ಕೆ (1977) ಸಂಗೀತ ನೀಡಿದವರು. ನಮ್ಮ ಭಾವಗೀತೆಗೆ ಕವಿಗಳ ಬಲವಿತ್ತು, ಗಾಯಕರ ಬಲವಿತ್ತು. ಪಂಚಾಂಗದಲ್ಲಿ ಇಂಥದೊಂದು ದಿನ ಮಾತ್ರ ಇರಲಿಲ್ಲ. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಬರಲು 1978ರವರೆಗೆ ಕಾಯಬೇಕಾಯಿತು.

ಹೊಸತಿಗಾಗಿ ಇಷ್ಟು ಹಂಬಲಿಸಿದ ಅದೇ ಜನ ಹೊಸತನ್ನು ತಿರಸ್ಕರಿಸಿದ್ದೂ ಉಂಟು. ಮಹಾಲಯದ ನಸುಕಿನಲ್ಲಿ ಕಲ್ಕತ್ತೆ ಬಾನುಲಿಯಿಂದ ವೀರೇಂದ್ರಕೃಷ್ಣ ಭದ್ರರ ಚಂಡೀಪಾಠ 1930ರ ದಶಕದಿಂದಲೂ ಮೊಳಗುತ್ತಿತ್ತು. 1976ರಲ್ಲಿ ಅದರ ಬದಲು ಚಿತ್ರನಟ ಉತ್ತಮ್ ಕುಮಾರರ ವಾಚನ, ಹೇಮಂತರ ಸಂಗೀತವಿದ್ದ ಹೊಸ ಕಾರ್ಯಕ್ರಮ ಪ್ರಸಾರವಾಯಿತು. ಇಬ್ಬರೂ ಜನರ ಕಣ್ಮಣಿಗಳೇ. ಆದರೂ ಪ್ರತಿಭಟನೆ ಎಷ್ಟು ಜೋರಾಯಿತೆಂದರೆ ಆಕಾಶವಾಣಿ ಹಳೆಯದಕ್ಕೇ ಮರಳಬೇಕಾಯಿತು. ಯಾವುದು ಬದಲಾಗಬೇಕು, ಯಾವುದು ಕೂಡದು ಎಂಬುದನ್ನು ಕೇಳುಗರೇ ತೀರ್ಮಾನಿಸಿಬಿಟ್ಟಿದ್ದರು.

ಕ್ಯಾಸೆಟ್ಟು ಬಂದಮೇಲೆ ಹಾಡು ಅಗ್ಗವಾಯಿತು. ಯಾವ ತಿಂಗಳಲ್ಲಾದರೂ ಹೊರಬರತೊಡಗಿತು, ನಕಲಿಗಳೂ ಜೊತೆಗೇ ಬಂದವು. ಪೂಜೆಗೆ ಹೊಸ ಹಾಡುಗಳು ಈಗಲೂ ಬರುತ್ತವೆ. ಆದರೆ ಒಂದೇ ವಾರದಲ್ಲಿ ಒಂದು ನಾಡೇ ಒಂದೇ ಹಾಡುಗಳನ್ನು ಕಲಿಯುವ ಪರಿ ಮೆಲ್ಲಗೆ ಸಡಿಲಿತು. ಆ ಪೂಜೆಗಳ ಮೆಚ್ಚಿನ ಕಂಠಗಳಲ್ಲೊಂದಾದ ಮನ್ನಾ ಡೇ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 2013ರ ಅಕ್ಟೋಬರ್ 24ರಂದು, ವಿಜಯದಶಮಿ ಕಳೆದ ಕೆಲವೇ ದಿನಗಳಲ್ಲಿ, ಇಲ್ಲಿಯೇ ತೀರಿಕೊಂಡರು.