ತಾಳ ತಪ್ಪದ ಕಂಪ್ಯೂಟರು

ಸಂಗೀತ ತಯಾರಿಸುವ ಸಾಫ್ಟ್‌ವೇರಿಗೆ ಕಂಪ್ಯೂಟರಿನ ವೇಗವೊಂದೇ ಸಾಲದು. ಹೊತ್ತಿಗೆ ಸರಿಯಾಗಿ ಕೆಲಸ ಮುಗಿಯುವ ಖಾತರಿಯೂ ಬೇಕು. ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. ಸಾಫ್ಟ್‌ವೇರ್ ಇವನ್ನು ಕಂತು ಕಂತಾಗಿ ಲೆಕ್ಕಹಾಕಿ ಸೌಂಡ್ ಕಾರ್ಡಿಗೆ ಒಪ್ಪಿಸುತ್ತದೆ. ಒಂದೊಂದು ಕಂತು ಕೂಡಿಡುವ ಜಾಗಕ್ಕೆ ಬಫರ್ ಎಂದು ಹೆಸರು. 256 ಮಾದರಿಗಳ ಬಫರ್ ಎಂದರೆ ಸುಮಾರು 5.8 ಮಿಲಿಸೆಕೆಂಡು. ಹಾಡಿನ ಎಲ್ಲ ಟ್ರ್ಯಾಕುಗಳ, ಅವುಗಳ ಮೇಲಿರುವ ಎಲ್ಲ ಎಫೆಕ್ಟುಗಳ ಲೆಕ್ಕ ಅಷ್ಟರೊಳಗೆ ಮುಗಿಯಬೇಕು. ಮುಗಿಯದಿದ್ದರೆ ಟಿಕ್ಕೆಂಬ ಸದ್ದು ಕೇಳುತ್ತದೆ, ಇಲ್ಲವೇ ಹಾಡು ಕ್ಷಣಕಾಲ ಕಡಿದುಹೋಗುತ್ತದೆ. ಪತ್ರ ಟೈಪು ಮಾಡುವ ಸಾಫ್ಟ್‌ವೇರ್ ಅರ್ಧ ಸೆಕೆಂಡು ತಡ ಮಾಡಿದರೆ ಯಾರೂ ಗಮನಿಸುವುದಿಲ್ಲ. ಇಲ್ಲಿ ಆ ಸಲಿಗೆಯಿಲ್ಲ. ಬಫರನ್ನು 1,024 ಮಾದರಿಗಳಿಗೆ ಹಿಗ್ಗಿಸಿ ಯಂತ್ರಕ್ಕೆ ಬಿಡುವು ಕೊಡಬಹುದು, ಆದರೆ ಆಗ ಧ್ವನಿ 23 ಮಿಲಿಸೆಕೆಂಡು ಹಿಂದೆ ಬೀಳುತ್ತದೆ. ಮೃದಂಗ ನುಡಿಸುವವರ ಹೆಡ್‌ಫೋನಿಗೆ ಅವರದೇ ಪೆಟ್ಟು ಅಷ್ಟು ತಡವಾಗಿ ಬಂದರೆ ಕೈ ತಡವರಿಸುತ್ತದೆ.

ಒಂದೇ ಸಾಫ್ಟ್‌ವೇರ್ ಒಂದು ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ನಿರಾಳವಾಗಿ ಓಡಿ ಇನ್ನೊಂದರಲ್ಲಿ ಮೇಲಿಂದ ಮೇಲೆ ಕೈಕೊಡುವುದಕ್ಕೆ ಮೂಲ ಇದೇ. ಸಾಫ್ಟ್‌ವೇರ್ ಒಬ್ಬರದು, ಆಪರೇಟಿಂಗ್ ಸಿಸ್ಟಮ್ ಮತ್ತೊಬ್ಬರದು, ಸೌಂಡ್ ಕಾರ್ಡು ಮತ್ತು ಅದನ್ನು ಸಿಸ್ಟಮ್‌ಗೆ ಜೋಡಿಸುವ ಡ್ರೈವರ್ ಮೂರನೆಯವರದು, ಮದರ್‌ಬೋರ್ಡಿನ ಚಿಪ್ಪು ನಾಲ್ಕನೆಯವರದು. ಎಲ್ಲವೂ ಸೇರಿ ಆ ಕೆಲವು ಮಿಲಿಸೆಕೆಂಡುಗಳ ಗಡುವು ಉಳಿಸಿಕೊಳ್ಳುವಂತೆ ನೋಡಿಕೊಳ್ಳುವ ಹೊಣೆ ನಾಲ್ಕು ದಶಕಗಳಲ್ಲಿ ಕೈಯಿಂದ ಕೈಗೆ ದಾಟಿದೆ.

ಈ ಕಥೆಯ ಮೊದಲ ಘಟ್ಟದಲ್ಲಿ ಕಂಪ್ಯೂಟರು ಧ್ವನಿಯನ್ನು ಮುಟ್ಟುತ್ತಲೇ ಇರಲಿಲ್ಲ. ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಪರಸ್ಪರ ಮಾತಾಡಲು ಅನುವಾಗುವ ಮಿಡಿ ಎಂಬ ಒಪ್ಪಂದ 1983ರಲ್ಲಿ ಬಳಕೆಗೆ ಬಂತು. ಯಾವ ಸ್ವರವನ್ನು ಯಾವಾಗ ಎಷ್ಟು ಒತ್ತಿ ನುಡಿಸಬೇಕು ಎಂಬ ಸೂಚನೆಯಷ್ಟೇ ತಂತಿಯಲ್ಲಿ ಹರಿಯುತ್ತಿತ್ತು. ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಸೂಚನೆ ದಾಟಲು ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡು ಸಾಕು. 1985ರಲ್ಲಿ ಬಂದ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ಸಾಕೆಟ್ಟುಗಳು ಹುಟ್ಟಿನಿಂದಲೇ ಇದ್ದವು. ಮ್ಯಾಕಿಂಟಾಷ್‌ಗಾಗಲಿ ಐಬಿಎಂ ಪಿಸಿಗಾಗಲಿ ಬೇರೆ ಪೆಟ್ಟಿಗೆಯೋ ಕಾರ್ಡೋ ಕೊಳ್ಳಬೇಕಿತ್ತು. ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟೈನ್‌ಬರ್ಗ್ ಕಂಪನಿ ಅಟಾರಿಗೆಂದು ಮೊದಲು ಪ್ರೋ-24 ಎಂಬ ಸಂಗೀತದ ಸಾಫ್ಟ್‌ವೇರನ್ನೂ 1989ರಲ್ಲಿ ಕ್ಯೂಬೇಸ್ ಅನ್ನೂ ತಂದಿತು. ಅದೇ ಊರಿನ ಸಿ-ಲ್ಯಾಬ್ ಕಂಪನಿ ಕ್ರಿಯೇಟರ್ ಮತ್ತು ನೊಟೇಟರ್ ಹೊರತಂದಿತು. ಇವತ್ತಿನ ಲಾಜಿಕ್ ಎಂಬ ಸಾಫ್ಟ್‌ವೇರಿನ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಅಟಾರಿಯ ಪ್ರೊಸೆಸರ್ ಕೇವಲ 8 ಮೆಗಾಹರ್ಟ್ಸ್‌ನ ಮೊಟೊರೋಲಾ 68000. ಆದರೂ ತಾಳದ ಖಚಿತತೆಯ ವಿಷಯದಲ್ಲಿ ಹಳಬರು ಇಂದಿಗೂ ಅದರ ಹೆಸರೆತ್ತುತ್ತಾರೆ. ಇದರಲ್ಲಿ ಸ್ವಲ್ಪ ಹಳೆಯದರ ಮೋಹ ಇರಬಹುದು, ಆದರೆ ತಾಂತ್ರಿಕ ಕಾರಣವೂ ಇದೆ. ಆಪರೇಟಿಂಗ್ ಸಿಸ್ಟಮ್ ರೋಮ್ (ROM) ಚಿಪ್ಪಿನಲ್ಲಿ ಅಚ್ಚಾಗಿತ್ತು, ಅದು ಕೆಡುವಂತಿರಲಿಲ್ಲ. ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮ್ ಓಡುತ್ತಿದ್ದುದರಿಂದ ನಡುವೆ ಅಡ್ಡಬರುವ ನೆಟ್‌ವರ್ಕ್ ಆಗಲಿ ಹಿನ್ನೆಲೆಯ ಕೆಲಸವಾಗಲಿ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಟೈನ್‌ಬರ್ಗ್‌ನ ಪ್ರೋಗ್ರಾಮರ್ ಮೇಜಿನ ಮೇಲಿದ್ದ ಅಟಾರಿಗೂ ಗಿರಾಕಿಯ ಮನೆಯಲ್ಲಿದ್ದ ಅಟಾರಿಗೂ ಅಂಥ ವ್ಯತ್ಯಾಸವೇ ಇರಲಿಲ್ಲ. ಕರೆಂಟು ಹೋದರೆ ಸೇವ್ ಮಾಡದ ಹಾಡು ಹೋದಂತೆಯೇ ಎಂಬುದನ್ನು ಬಿಟ್ಟರೆ ಇಂಥ ಯಂತ್ರದಲ್ಲಿ ಅನಿರೀಕ್ಷಿತವಾದದ್ದು ಕಡಿಮೆ.

ಧ್ವನಿಯೇ ಕಂಪ್ಯೂಟರಿನೊಳಗೆ ಬಂದಾಗ ಲೆಕ್ಕ ಬದಲಾಯಿತು. ಕ್ಯಾಲಿಫೋರ್ನಿಯಾದ ಡಿಜಿಡಿಸೈನ್ 1989ರಲ್ಲಿ ಎರಡು ಟ್ರ್ಯಾಕಿನ ಸೌಂಡ್ ಟೂಲ್ಸ್ ಅನ್ನೂ 1991ರಲ್ಲಿ ನಾಲ್ಕು ಟ್ರ್ಯಾಕಿನ ಪ್ರೋ ಟೂಲ್ಸ್ ಅನ್ನೂ ಮ್ಯಾಕಿಂಟಾಷ್‌ಗಾಗಿ ತಯಾರಿಸಿತು. ಆ ಕಾಲದ ಮ್ಯಾಕ್ ನಂಬಿಕೆಗೆ ಅರ್ಹವಾದ ಯಂತ್ರವೇನಲ್ಲ. ಒಂದು ಪ್ರೋಗ್ರಾಮ್ ತಾನಾಗಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದಕ್ಕೆ ಪ್ರೊಸೆಸರ್ ಸಿಗುತ್ತಿತ್ತು. ಒಂದರ ಮೆಮೊರಿಗೆ ಇನ್ನೊಂದು ಕೈಹಾಕದಂತೆ ತಡೆಯೂ ಇರಲಿಲ್ಲ. ಎಲ್ಲೋ ಒಂದು ಕಡೆ ತಪ್ಪಾದರೆ ಪರದೆಯ ಮೇಲೆ ಬಾಂಬಿನ ಚಿತ್ರ ಮೂಡಿ ಇಡೀ ಯಂತ್ರ ನಿಲ್ಲುತ್ತಿತ್ತು. ಡಿಜಿಡಿಸೈನ್ ಇದಕ್ಕೆ ಹಿಡಿದ ದಾರಿ ದುಬಾರಿಯದು, ಆದರೆ ಜಾಣತನದ್ದು. ಧ್ವನಿಯ ಲೆಕ್ಕವನ್ನೆಲ್ಲ ತನ್ನದೇ ಕಾರ್ಡುಗಳ ಮೇಲಿನ ವಿಶೇಷ ಚಿಪ್ಪುಗಳಿಗೆ ವಹಿಸಿ, ಮ್ಯಾಕನ್ನು ಪರದೆ ಮತ್ತು ಫೈಲುಗಳ ಉಸ್ತುವಾರಿಗೆ ಇಟ್ಟುಕೊಂಡಿತು. ಜೊತೆಗೆ ಯಾವ ಮಾದರಿಯ ಮ್ಯಾಕ್, ಸಿಸ್ಟಮ್‌ನ ಯಾವ ಆವೃತ್ತಿ, ಯಾವ ಹಾರ್ಡ್ ಡಿಸ್ಕ್ ಹೊಂದುತ್ತದೆ ಎಂಬ ಪಟ್ಟಿಗಳನ್ನು ಪ್ರಕಟಿಸಿತು. ಪಟ್ಟಿಯ ಆಚೆಗಿನ ಯಂತ್ರ ಕಟ್ಟಿಕೊಂಡವರ ಪಾಡು ಅವರದು. ರೆಕಾರ್ಡಿಂಗಿಗೆ ಮುನ್ನ ವರ್ಚುವಲ್ ಮೆಮೊರಿಯನ್ನೂ ಆಪಲ್‌ಟಾಕ್ ನೆಟ್‌ವರ್ಕನ್ನೂ ನಿಲ್ಲಿಸುವುದು, ಬೇಡದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದು ಮತ್ತೆ ಸ್ಟಾರ್ಟ್ ಮಾಡುವುದು ಸ್ಟುಡಿಯೋಗಳ ರೂಢಿಯಾಯಿತು.

ಈ ದುಬಾರಿ ಕಾರ್ಡುಗಳ ಏಕಸ್ವಾಮ್ಯ ಸಡಿಲವಾದದ್ದು 1996ರಲ್ಲಿ. ಸ್ಟೈನ್‌ಬರ್ಗ್ ಆ ವರ್ಷ ಹೊರತಂದ ಕ್ಯೂಬೇಸ್ ವಿಎಸ್‌ಟಿ, ಎಫೆಕ್ಟುಗಳ ಲೆಕ್ಕವನ್ನೂ ಕಂಪ್ಯೂಟರಿನ ಮಾಮೂಲಿ ಪ್ರೊಸೆಸರಿನಿಂದಲೇ ಮಾಡಿಸಿತು. ಮರುವರ್ಷ ಕಂಪನಿ ಇಂಥ ಎಫೆಕ್ಟುಗಳ ತುಣುಕುಗಳನ್ನು, ಅಂದರೆ ಪ್ಲಗಿನ್‌ಗಳನ್ನು, ಬರೆಯುವ ವಿಧಾನವನ್ನು ಇತರರಿಗೂ ತೆರೆದಿಟ್ಟು, ಎಎಸ್ಐಒ ಎಂಬ ಡ್ರೈವರ್ ಪದ್ಧತಿಯನ್ನೂ ರೂಪಿಸಿತು. ವಿಂಡೋಸ್‌ನ ಸ್ವಂತ ಧ್ವನಿಮಾರ್ಗ ಸಂಗೀತಕ್ಕೆಂದು ಹುಟ್ಟಿದ್ದಲ್ಲ. ವಿಂಡೋಸ್ 98 ಮತ್ತು 2000ರ ಕಾಲಕ್ಕೆ ಬಂದ ಕೆಮಿಕ್ಸರ್ ಎಂಬ ಭಾಗವೊಂದೇ ಸುಮಾರು 30 ಮಿಲಿಸೆಕೆಂಡು ತಡ ಮಾಡುತ್ತಿತ್ತು. ಎಎಸ್ಐಒ ಅದನ್ನೆಲ್ಲ ಬದಿಗಿಟ್ಟು ಸಾಫ್ಟ್‌ವೇರನ್ನು ನೇರವಾಗಿ ಸೌಂಡ್ ಕಾರ್ಡಿಗೆ ಜೋಡಿಸಿತು. ಇದರಿಂದ ವೇಗವೇನೋ ಸಿಕ್ಕಿತು. ಆದರೆ ಸ್ಥಿರತೆಯ ಹೊಣೆ ಆಪರೇಟಿಂಗ್ ಸಿಸ್ಟಮ್‌ನಿಂದ ಜಾರಿ ಪ್ರತಿಯೊಂದು ಸೌಂಡ್ ಕಾರ್ಡ್ ಕಂಪನಿಯ ಡ್ರೈವರ್ ಬರೆಯುವವರ ತಲೆಗೆ ಬಂತು. ಒಳ್ಳೆಯ ಡ್ರೈವರ್ ಇದ್ದ ಸಾಧಾರಣ ಕಾರ್ಡು ಕೆಟ್ಟ ಡ್ರೈವರ್ ಇದ್ದ ಶ್ರೀಮಂತ ಕಾರ್ಡಿಗಿಂತ ಲೇಸು ಎಂಬ ವಿವೇಕ ಆಗ ಕಲಿತದ್ದು, ಇಂದಿಗೂ ನಿಜ.

ಬಿಡಿಭಾಗ ಜೋಡಿಸಿ ಕಟ್ಟಿದ ಪಿಸಿಗಳ ಕಾಲದಲ್ಲಿ ತೊಂದರೆಗಳ ಜಾಡು ಹಿಡಿಯುವುದೇ ಒಂದು ಕಸುಬಾಯಿತು. ಕಾರ್ಡುಗಳು ಪ್ರೊಸೆಸರಿನ ಗಮನ ಸೆಳೆಯಲು ಬಳಸುವ ಐಆರ್‌ಕ್ಯೂ ಸಾಲುಗಳು ಬರಿಯ ಹದಿನಾರು. ಸೌಂಡ್ ಕಾರ್ಡಿಗೂ ಗ್ರಾಫಿಕ್ಸ್ ಕಾರ್ಡಿಗೂ ಒಂದೇ ಸಾಲು ಸಿಕ್ಕರೆ ಚಿಟಪಟ ಸದ್ದು ಶುರು. ಕಾರ್ಡನ್ನು ಒಂದು ಸ್ಲಾಟಿನಿಂದ ಕಿತ್ತು ಇನ್ನೊಂದಕ್ಕೆ ಹಾಕಿದರೆ ಗುಣವಾಗುತ್ತಿದ್ದುದು ಪವಾಡದಿಂದಲ್ಲ, ಸಾಲು ಬದಲಾದುದರಿಂದ. 2001ರಲ್ಲಿ ವಿಯಾ ಕಂಪನಿಯ 686ಬಿ ಚಿಪ್ಪಿದ್ದ ಮದರ್‌ಬೋರ್ಡುಗಳಲ್ಲಿ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡು ಜೊತೆಗೂಡಿದಾಗ ಹಾರ್ಡ್ ಡಿಸ್ಕಿನ ಮಾಹಿತಿಯೇ ಕೆಡುವ ಪ್ರಕರಣಗಳು ಬೆಳಕಿಗೆ ಬಂದವು. ಮುಂದೆ ಫೈರ್‌ವೈರ್ ತಂತಿಯಿಂದ ಜೋಡಿಸುವ ಧ್ವನಿ ಇಂಟರ್‌ಫೇಸುಗಳ ಕಾಲದಲ್ಲಿ, ಲ್ಯಾಪ್‌ಟಾಪಿನೊಳಗಿನ ಫೈರ್‌ವೈರ್ ಚಿಪ್ಪು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನದೇ ಎಂದು ಖಚಿತಪಡಿಸಿಕೊಂಡು ಕೊಳ್ಳಿ ಎಂಬ ಸಲಹೆ ಸಾಮಾನ್ಯವಾಗಿತ್ತು. ಹಾಡು ಕಟ್ಟುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು!

ಈ ಅವಧಿಯ ವಿಚಿತ್ರಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬಹುದು. ಪೆಂಟಿಯಮ್ 4 ಪ್ರೊಸೆಸರ್ ಇದ್ದ ಕಂಪ್ಯೂಟರುಗಳಲ್ಲಿ ಹಾಡು ಜೋರಾಗಿ ಓಡುವಾಗ ಎಲ್ಲವೂ ಸರಿಯಿದ್ದು, ಹಾಡು ನಿಂತ ಮೇಲೆ ಪ್ರೊಸೆಸರಿನ ಹೊರೆ ತೋರಿಸುವ ಪಟ್ಟಿ ಏಕಾಏಕಿ ತುದಿಗೇರುತ್ತಿತ್ತು. ಕಾರಣ ರಿವರ್ಬ್, ಅಂದರೆ ದೊಡ್ಡ ಸಭಾಂಗಣದ ಅನುರಣನವನ್ನು ಸೃಷ್ಟಿಸುವ ಪ್ಲಗಿನ್. ಅದರ ಲೆಕ್ಕದಲ್ಲಿ ಧ್ವನಿ ಪ್ರತಿ ಸುತ್ತಿಗೂ ಒಂದಿಷ್ಟು ಕ್ಷೀಣಿಸುತ್ತದೆಯೇ ಹೊರತು ಪೂರ್ತಿ ಸೊನ್ನೆ ಆಗುವುದಿಲ್ಲ. ಕಿವಿಗೆ ಕೇಳದಷ್ಟು, ಮಾಪಕಕ್ಕೂ ಸಿಗದಷ್ಟು ಸಣ್ಣದಾಗುತ್ತ ಕೊನೆಗೆ ದಶಮಾಂಶ ಬಿಂದುವಿನ ಬಳಿಕ ಮೂವತ್ತೆಂಟು ಸ್ಥಾನಗಳಾಚೆಗೆ ಇಳಿಯುತ್ತದೆ. ಅಷ್ಟು ಕಿರಿದಾದ ಸಂಖ್ಯೆಗಳು ಪ್ರೊಸೆಸರಿನ ಮಾಮೂಲಿ ಹಾದಿಯಲ್ಲಿ ಹೋಗುವುದಿಲ್ಲ. ಅವಕ್ಕೆಂದೇ ಇರುವ ನಿಧಾನದ ಸುತ್ತುಹಾದಿ ಹಿಡಿಯಬೇಕು. ಪೆಂಟಿಯಮ್ 4ರಲ್ಲಿ ಆ ಸುತ್ತು ವಿಪರೀತ ದೂರದ್ದಾಗಿತ್ತು. ಹೀಗಾಗಿ ಮೌನವನ್ನು ಲೆಕ್ಕಹಾಕುವುದು ಸಂಗೀತವನ್ನು ಲೆಕ್ಕಹಾಕುವುದಕ್ಕಿಂತ ಕಷ್ಟವಾಯಿತು. ಪ್ಲಗಿನ್ ಬರೆಯುವವರು ಕಿವಿಗೆ ತಿಳಿಯದಷ್ಟು ಸಣ್ಣ ಗೊರಗೊರವನ್ನು ಬೇಕೆಂದೇ ಬೆರೆಸಿ ಸಂಖ್ಯೆಗಳು ಅಷ್ಟು ಕೆಳಗಿಳಿಯದಂತೆ ನೋಡಿಕೊಂಡರು. ಅಂಥ ಸಂಖ್ಯೆಗಳನ್ನು ನೇರವಾಗಿ ಸೊನ್ನೆ ಮಾಡಿಬಿಡುವ ಸೌಲಭ್ಯವೂ ಪ್ರೊಸೆಸರಿನಲ್ಲಿತ್ತು; ಅದನ್ನು ಬಳಸುವುದು ಕ್ರಮೇಣ ವಾಡಿಕೆಯಾಯಿತು.

ಆಪಲ್ ಹಿಡಿದ ದಾರಿ ಬೇರೆ. 2001ರ ಮ್ಯಾಕ್ ಓಎಸ್ ಟೆನ್ ಮೆಮೊರಿಗೆ ರಕ್ಷಣೆ ಕೊಟ್ಟಿತು. ಕೋರ್ ಆಡಿಯೋ ಎಂಬ ಹೆಸರಿನಲ್ಲಿ ಚುರುಕಾದ ಧ್ವನಿಮಾರ್ಗವನ್ನು ಸಿಸ್ಟಮ್‌ನೊಳಗೇ ಇಟ್ಟಿತು. ಮರುವರ್ಷ ಲಾಜಿಕ್ ತಯಾರಿಸುತ್ತಿದ್ದ ಎಮ್ಯಾಜಿಕ್ ಕಂಪನಿಯನ್ನೇ ಆಪಲ್ ಕೊಂಡು, ಕೆಲವೇ ತಿಂಗಳಲ್ಲಿ ಲಾಜಿಕ್‌ನ ವಿಂಡೋಸ್ ಆವೃತ್ತಿಯನ್ನು ನಿಲ್ಲಿಸಿತು. ವಿಂಡೋಸ್‌ನಲ್ಲಿ ಲಾಜಿಕ್ ಬಳಸುತ್ತಿದ್ದವರಿಗೆ ಅದು ಅನ್ಯಾಯವೇ. ಆದರೆ ಯಂತ್ರ, ಸಿಸ್ಟಮ್, ಸಾಫ್ಟ್‌ವೇರ್ ಮೂರೂ ಒಂದೇ ಸೂರಿನಡಿ ಬಂದಾಗ ಅಟಾರಿ ಕಾಲದ ನೆಮ್ಮದಿಯ ಒಂದು ಪಾಲು ಮರಳಿತು ಎಂಬುದನ್ನೂ ಅಲ್ಲಗಳೆಯಲಾಗದು.

ಆ ನೆಮ್ಮದಿಗೆ ತೆತ್ತ ಬೆಲೆ, ಆಪಲ್ ನೆಲ ಬದಲಿಸಿದಾಗಲೆಲ್ಲ ಎಲ್ಲರೂ ಗಂಟುಮೂಟೆ ಕಟ್ಟಬೇಕಾದದ್ದು. 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ, 2020ರಲ್ಲಿ ಇಂಟೆಲ್‌ನಿಂದ ಸ್ವಂತ ಎಂ1 ಚಿಪ್ಪಿಗೆ. ನಡುವೆ 2019ರ ಕ್ಯಾಟಲಿನಾ ಆವೃತ್ತಿ 32 ಬಿಟ್ ಪ್ರೋಗ್ರಾಮುಗಳಿಗೆ ಬಾಗಿಲು ಮುಚ್ಚಿತು. ಇಂಥ ಸ್ಥಿತ್ಯಂತರ ಸಂಗೀತದವರಿಗೇ ಹೆಚ್ಚು ತಟ್ಟುವುದು ಪ್ಲಗಿನ್‌ಗಳ ಸ್ವಭಾವದಿಂದ. ಪ್ಲಗಿನ್ ಸ್ವತಂತ್ರ ಪ್ರೋಗ್ರಾಮ್ ಅಲ್ಲ. ಅದು ಮುಖ್ಯ ಸಾಫ್ಟ್‌ವೇರಿನ ಹೊಟ್ಟೆಯೊಳಗೇ ಓಡುತ್ತದೆ. ಆದ್ದರಿಂದ ಎರಡೂ ಒಂದೇ ಬಗೆಯ ಚಿಪ್ಪಿಗೆ ಬರೆದವಾಗಿರಬೇಕು. ಇಂಟೆಲ್‌ಗೆಂದು ಬರೆದ ಕ್ಯೂಬೇಸ್ ಪವರ್‌ಪಿಸಿಯ ಪ್ಲಗಿನ್ನನ್ನು ಒಳಗೆ ಬಿಟ್ಟುಕೊಳ್ಳಲಾರದು. ಹಾಡೊಂದರಲ್ಲಿ ಇಪ್ಪತ್ತು ಕಂಪನಿಗಳ ಪ್ಲಗಿನ್‌ಗಳಿದ್ದರೆ ಇಪ್ಪತ್ತನೆಯವರು ಹೊಸ ಆವೃತ್ತಿ ತರುವತನಕ ಕಾಯಬೇಕು. ಎಂ1 ಬಂದ ಮೇಲೆ ಏಬಲ್ಟನ್ ಲೈವ್ ಮತ್ತು ಕ್ಯೂಬೇಸ್ ಸಾಫ್ಟ್‌ವೇರುಗಳು ಅದಕ್ಕೆ ಪೂರ್ತಿ ಒಗ್ಗಿದ್ದು 2022ರ ಮೊದಲ ತಿಂಗಳುಗಳಲ್ಲಿ, ಪ್ರೋ ಟೂಲ್ಸ್ ಅದೇ ವರ್ಷದ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ರೊಸೆಟ್ಟಾ ಎಂಬ ಅನುವಾದಕ ಪದರದ ಮೇಲೆ ಕಾಲ ಹಾಕಿದ್ದಾಯಿತು. ಹತ್ತು ವರ್ಷದ ಹಿಂದಿನ ಪ್ರಾಜೆಕ್ಟ್ ಫೈಲು ತೆರೆಯುವುದೇ ಇಲ್ಲವೆಂಬ ಅನುಭವ ಇಂಥ ಕಡೆ ಸಾಮಾನ್ಯ. ಪ್ರತಿ ಟ್ರ್ಯಾಕನ್ನೂ ಮಾಮೂಲಿ ವೇವ್ ಫೈಲಾಗಿ ತೆಗೆದಿಡುವ ಅಭ್ಯಾಸ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ಹೊಟ್ಟೆಯೊಳಗೆ ಓಡುವ ಪ್ಲಗಿನ್ ಎಡವಿದರೆ ಮುಖ್ಯ ಸಾಫ್ಟ್‌ವೇರೂ ಅದರೊಂದಿಗೆ ಬೀಳುತ್ತದೆ. ಕ್ರ್ಯಾಶ್ ಆಯಿತೆಂದು ಬಯ್ಯಿಸಿಕೊಳ್ಳುವುದು ಕ್ಯೂಬೇಸೋ ಅಂಥದೇ ಸಾಫ್ಟ್‌ವೇರಾದ ಎಫ್ಎಲ್ ಸ್ಟುಡಿಯೋವೋ ಆದರೂ ಅಪರಾಧಿ ಎಷ್ಟೋ ಸಲ ಎಲ್ಲಿಂದಲೋ ಇಳಿಸಿಕೊಂಡ ಪುಟ್ಟ ಪ್ಲಗಿನ್. ರೀಪರ್ ಎಂಬ ಸಾಫ್ಟ್‌ವೇರ್ ಪ್ಲಗಿನ್‌ಗಳನ್ನು ಬೇರೆ ಪ್ರಕ್ರಿಯೆಯಲ್ಲಿ ಓಡಿಸುವ ಆಯ್ಕೆ ಕೊಟ್ಟಿತು. 2014ರಲ್ಲಿ ಬಂದ ಬಿಟ್‌ವಿಗ್ ಸ್ಟುಡಿಯೋ ಆ ಪ್ರತ್ಯೇಕತೆಯನ್ನು ತನ್ನ ವಿನ್ಯಾಸದ ಭಾಗವಾಗಿಯೇ ಮಾಡಿಕೊಂಡಿತು. ಪ್ಲಗಿನ್ ಸತ್ತರೂ ಹಾಡು ಬದುಕುತ್ತದೆ, ಪ್ರೊಸೆಸರಿಗೆ ಒಂದಿಷ್ಟು ಹೆಚ್ಚಿನ ಹೊರೆ. 2016ರ ಕ್ಯೂಬೇಸ್ 9 ಶುರುವಾಗುವಾಗಲೇ ಪ್ಲಗಿನ್‌ಗಳನ್ನು ಪರೀಕ್ಷಿಸಿ, ತೊಡಕಿನವನ್ನು ಹೊರಗಿಡತೊಡಗಿತು.

ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ದಾಟುವುದು ಎಷ್ಟು ತ್ರಾಸದ್ದೆಂಬುದಕ್ಕೆ ಎಫ್ಎಲ್ ಸ್ಟುಡಿಯೋ ಸಾಕ್ಷಿ. 1997ರಲ್ಲಿ ಬೆಲ್ಜಿಯಂನಲ್ಲಿ ಫ್ರೂಟಿಲೂಪ್ಸ್ ಆಗಿ ಹುಟ್ಟಿದ ಅದನ್ನು ಡೆಲ್ಫಿ ಎಂಬ ವಿಂಡೋಸ್ ಸಾಧನದಲ್ಲಿ ಬರೆಯಲಾಗಿತ್ತು. ಮ್ಯಾಕ್‌ಗೆ ನಿಜವಾದ ಆವೃತ್ತಿ ಬರಲು 2018 ಆಗಬೇಕಾಯಿತು. ಇನ್ನು ಲಿನಕ್ಸ್ ಎಂಬ ಮತ್ತೊಂದು ಸಿಸ್ಟಮ್‌ನಲ್ಲಿ ಜ್ಯಾಕ್ ಮತ್ತು ಆರ್ಡರ್ ಎಂಬ ಸಾಫ್ಟ್‌ವೇರುಗಳನ್ನು ಪಾಲ್ ಡೇವಿಸ್ ಈ ಶತಮಾನದ ಆರಂಭದಲ್ಲಿ ಬೆಳೆಸಿದರು. ಗಡುವು ತಪ್ಪದಂತೆ ಕೆಲಸ ಹಂಚುವ ರಿಯಲ್‌ಟೈಮ್ ಮಾರ್ಪಾಡುಗಳು ಎರಡು ದಶಕ ಹೊರಗೇ ಇದ್ದು, 2024ರ 6.12 ಆವೃತ್ತಿಯಲ್ಲಿ ಲಿನಕ್ಸ್ ಕರ್ನಲ್‌ನ ಮೂಲಕ್ಕೆ ಪೂರ್ತಿ ಸೇರಿದವು.

ಈಚಿನ ಎಷ್ಟೋ ತೊಂದರೆಗಳು ಶಕ್ತಿ ಸಾಲದೆ ಬಂದವಲ್ಲ, ಶಕ್ತಿ ಉಳಿಸಲು ಹೋಗಿ ಬಂದವು. ಲ್ಯಾಪ್‌ಟಾಪಿನ ವೈಫೈ ಡ್ರೈವರ್ ಅಥವಾ ಬ್ಯಾಟರಿ ನೋಡಿಕೊಳ್ಳುವ ಡ್ರೈವರ್ ಕೆಲವು ಮಿಲಿಸೆಕೆಂಡು ಪ್ರೊಸೆಸರನ್ನು ಹಿಡಿದಿಟ್ಟರೆ ಸಾಕು, ಹಾಡಿನಲ್ಲಿ ಟಿಕ್ಕೆನ್ನುತ್ತದೆ. ಇಂಟೆಲ್ 2021ರಲ್ಲಿ 12ನೇ ಪೀಳಿಗೆಯೊಂದಿಗೆ ಚುರುಕಿನ ಮತ್ತು ಮಿತವ್ಯಯದ ಎರಡು ಬಗೆಯ ಕೋರ್‌ಗಳನ್ನು ಒಂದೇ ಚಿಪ್ಪಿನಲ್ಲಿಟ್ಟ ಮೇಲೆ, ತುರ್ತಿನ ಲೆಕ್ಕ ನಿಧಾನದ ಕೋರ್‌ಗೆ ಹೋಗದಂತೆ ಕಾಯುವುದೂ ಸಾಫ್ಟ್‌ವೇರಿನ ಕೆಲಸವಾಯಿತು. ಒಂದೇ ಸೂರಿನ ಆಪಲ್ ಕೂಡ ಧ್ವನಿ ಕಡಿಯುವ ತೊಂದರೆಯಿಂದ ಹೊರತಲ್ಲ: 2018ರ ಮ್ಯಾಕ್‌ಬುಕ್ ಮತ್ತು ಮ್ಯಾಕ್ ಮಿನಿಗಳಲ್ಲಿ ಯುಎಸ್‌ಬಿ ಧ್ವನಿ ನಡುನಡುವೆ ಕಡಿಯುತ್ತಿತ್ತು; ಮರುವರ್ಷ 10.14.4 ಅಪ್‌ಡೇಟಿನಲ್ಲಿ ಅದನ್ನು ಸರಿಪಡಿಸಲಾಯಿತು. ಹೊಸ ಅಪ್‌ಡೇಟ್ ಬಂದರೂ ತಿಂಗಳುಗಟ್ಟಲೆ ಹಾಕಿಕೊಳ್ಳದ, ಆಲ್ಬಮ್ಮಿನ ನಡುವೆ ಯಂತ್ರವನ್ನು ಮುಟ್ಟಗೊಡದ, ಕೆಲಸದ ಕಂಪ್ಯೂಟರಿಗೆ ಇಂಟರ್ನೆಟ್ಟನ್ನೇ ಕೊಡದ ಸ್ಟುಡಿಯೋಗಳ ಕಟ್ಟುನಿಟ್ಟು ಇಂಥ ಪ್ರಸಂಗಗಳಿಂದ ಗಟ್ಟಿಯಾದದ್ದು.

ವಿಂಡೋಸ್ ಮಟ್ಟಿಗೆ, 2007ರಲ್ಲಿ ವಿಸ್ಟಾ ಜೊತೆ ಬಂದ ವಸಾಪಿ ಎಂಬ ಹೊಸ ಧ್ವನಿಮಾರ್ಗವೂ ಎಎಸ್ಐಒ ಸ್ಥಾನ ತುಂಬಲಿಲ್ಲ. 2024ರಲ್ಲಿ ಮೈಕ್ರೋಸಾಫ್ಟ್, ಎಎಸ್ಐಒ ಬೆಂಬಲವಿರುವ ಯುಎಸ್‌ಬಿ ಧ್ವನಿ ಡ್ರೈವರನ್ನು ವಿಂಡೋಸ್‌ನೊಳಗೇ ಸೇರಿಸುವುದಾಗಿ ಪ್ರಕಟಿಸಿತು. ಅದನ್ನು ರೂಪಿಸುವ ಕೆಲಸದಲ್ಲಿ ಸ್ಟೈನ್‌ಬರ್ಗ್‌ನ ಈಗಿನ ಒಡೆಯ ಯಮಾಹಾ ಕೂಡ ಪಾಲುದಾರ.