ಗಟಾರ್ ಪಂಪು: ಸನ್ನೆಗೋಲು ತಡೆದರೆ ದೋಷ ಪತ್ತೆ ಹೇಗೆ?

ಕೊಪ್ಪ: ಅಡಿಕೆಗೆ ಕೊಳೆರೋಗ ತಗಲದಂತೆ ಮುಂಗಾರಿಗೆ ಮುನ್ನ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮೇಗುಂದ ಸೀಮೆಯ ವಾಡಿಕೆ. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಈ ರೋಗದ ಕುರಿತ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದ್ದರು. ಯಂತ್ರಚಾಲಿತ ಪಂಪುಗಳು ಬಂದಿದ್ದರೂ ಕೈಯಿಂದ ನಡೆಸುವ ಗಟಾರ್ ಪಂಪು ಮೂಲೆ ಸೇರಿಲ್ಲ. ಎರಡನೆಯ ಸಿಂಪಡಣೆಗೆ ಮಳೆಯ ನಡುವೆ ದೊರೆಯುವುದು ಕೆಲವೇ ಗಂಟೆಗಳ ಹೊಳವು. ಆಗ ಪಂಪು ತಡೆದರೆ ಕೊನೆಗಾರ ಮರದ ಮೇಲೆ ಕಾಯಬೇಕಾಗುತ್ತದೆ, ಫಸಲಿಗೂ ಅಪಾಯ.

ಯಾವುದು ದೋಷ?

ಹಿಂದೆ ಮುಂದೆ ಆಡುವ ಸನ್ನೆಗೋಲು ಪಿಸ್ಟನ್ನನ್ನು ಎಳೆದು ತಳ್ಳುತ್ತದೆ. ಒಂಟಿ ಪಿಸ್ಟನ್ನಿನ ಪಂಪಿನಲ್ಲಿ ದ್ರಾವಣ ಹೀರುವಾಗ ಹಗುರ, ಒತ್ತುವಾಗ ಭಾರ ಎನಿಸುವುದು ಸಹಜ. ಒಂದೇ ದಿಕ್ಕಿನ ಚಲನೆಯಲ್ಲಿ ನಡುವೆ ತಡೆದು ಜಗ್ಗಿದರೆ ಮಾತ್ರ ಅದು ದೋಷ.

ಮೊದಲ ಪರೀಕ್ಷೆ

ನಳಿಕೆಯನ್ನು ತೆರೆದು ಒತ್ತಡವನ್ನು ಪೂರ್ಣ ಇಳಿಸಬೇಕು. ಬಳಿಕ ಸನ್ನೆಗೋಲನ್ನು ಪಿಸ್ಟನ್ ಸರಳಿಗೆ ಜೋಡಿಸುವ ಪಿನ್ನನ್ನು ತೆಗೆದು, ಸನ್ನೆಗೋಲನ್ನಷ್ಟೇ ಆಡಿಸಬೇಕು. ಆಗಲೂ ತಡೆದರೆ ದೋಷ ಸನ್ನೆಗೋಲಿನ ಕೀಲಿನಲ್ಲಿದೆ. ಸಲೀಸಾಗಿ ಆಡಿದರೆ ಪಂಪಿನೊಳಗಿದೆ.

ಲಕ್ಷಣ ಮತ್ತು ಪರಿಹಾರ

* ದಿಕ್ಕು ಬದಲಾಗುವಾಗ ಸಡಿಲವಾಗಿ ಕುಲುಕಿದರೆ ಪಿನ್ನು ಅಥವಾ ಅದರ ರಂಧ್ರ ಸವೆದಿದೆ. ಅದೇ ಅಳತೆಯ ಪಿನ್ನು ಹಾಕಬೇಕು. ಮೊಳೆ, ತಂತಿ ತುರುಕಿದರೆ ರಂಧ್ರ ಇನ್ನಷ್ಟು ಅಗಲವಾಗುತ್ತದೆ.
* ಸರಳಿನ ಒಂದೇ ಬದಿ ಉಜ್ಜಿ ಹೊಳೆಯುತ್ತಿದ್ದರೆ ಸರಳು ಬಾಗಿದೆ ಅಥವಾ ಪಂಪು ಹಲಗೆಯ ಮೇಲೆ ಓರೆಯಾಗಿದೆ. ಬೋಲ್ಟು ಸಡಿಲಿಸಿ, ನೇರಕ್ಕೆ ತಂದು ಬಿಗಿಯಬೇಕು.
* ಎರಡೂ ದಿಕ್ಕಿಗೆ ಬಿಗಿಯಿದ್ದರೆ ಸಿಲಿಂಡರಿನಲ್ಲಿ ಸುಣ್ಣದ ಗಸಿ ಸೇರಿರಬಹುದು, ವಾಷರ್ ಒಣಗಿರಬಹುದು. ಬಿಚ್ಚಿ ತೊಳೆಯಬೇಕು. ಚರ್ಮದ ವಾಷರಾದರೆ ಹರಳೆಣ್ಣೆಯಲ್ಲಿ ನೆನೆಸಬೇಕು.
* ಎಳೆಯುವಾಗ ಮಾತ್ರ ಭಾರವಿದ್ದರೆ ಹೀರುಕೊಳವೆಯ ತುದಿಯ ಜಾಲರಿ ಕಟ್ಟಿರುತ್ತದೆ.
* ತಳ್ಳುವಾಗ ಭಾರವೇ ಇಲ್ಲದೆ ಒತ್ತಡ ಏರದಿದ್ದರೆ ವಾಲ್ವಿನ ಗುಂಡಿನಡಿ ಕಸ ಕೂತಿದೆಯೇ ನೋಡಬೇಕು.

ದ್ರಾವಣದ ಪಾತ್ರ

ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಸುಣ್ಣ ಸತ್ವಹೀನವಾಗಿದ್ದರೆ ಉಳಿದ ಮೈಲುತುತ್ತ ಕಬ್ಬಿಣದ ಪಿನ್ನು, ಬೋಲ್ಟುಗಳನ್ನು ತಿನ್ನುತ್ತದೆ. ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ದ್ರಾವಣವನ್ನು ಸೋಸಿಯೇ ಬಳಸಬೇಕು.

ಸಿಂಪಡಣೆ ಮುಗಿದ ಕೂಡಲೆ ತಿಳಿನೀರು ಹೊರಬರುವವರೆಗೆ ಪಂಪು ಆಡಿಸಿ, ಕೀಲುಗಳಿಗೆ ಗ್ರೀಸು ಹಚ್ಚಿಡುವುದು ಒಳಿತು. ಕೊನೆಗಾರರನ್ನು ಕರೆಯುವ ಮುನ್ನಾದಿನವೇ ಬರಿಯ ನೀರಿನಲ್ಲಿ ಪರೀಕ್ಷಿಸಿದರೆ ಹೊಳವಿನ ಹೊತ್ತು ರಿಪೇರಿಯಲ್ಲಿ ಕಳೆಯದು. ತಡೆದ ಸನ್ನೆಗೋಲನ್ನು ಬಲದಿಂದ ಎಳೆಯುವುದಂತೂ ಸಲ್ಲದು. ಸಣ್ಣ ಪಿನ್ನಿನ ದೋಷ ಪಿಸ್ಟನ್ ಸರಳನ್ನೇ ಬಾಗಿಸೀತು.