ಬಹಾದ್ದೂರನೂ ನಮ್ಮೂರ ನೀರೂ

ನರಗುಂದದ ನಮ್ಮ ಮನೆಗೆ ಬಹಾದ್ದೂರನನ್ನು ಕರೆತಂದವನು ಅಣ್ಣ. ಹುಬ್ಬಳ್ಳಿಗೆ ಹೋದಾಗಲೆಲ್ಲ ಹಿಂದಿಯ ‘ಇಂದ್ರಜಾಲ ಕಾಮಿಕ್ಸ್’ ಕೊಂಡು ತರುತ್ತಿದ್ದ. ಓಣಿಯ ಹುಡುಗರಿಗೆ ವೇತಾಳ, ಮಾಂಡ್ರೇಕರೇ ದೊಡ್ಡವರು. ನಮ್ಮಿಬ್ಬರಿಗೆ ಮಾತ್ರ ಬಹಾದ್ದೂರ.

ಆಬಿದ್ ಸುರತಿಯವರು 1976ರಲ್ಲಿ ಸೃಷ್ಟಿಸಿದ ಈ ತರುಣ ಡಕಾಯಿತನ ಮಗ. ತಂದೆಯನ್ನು ಕೊಂದ ಪೊಲೀಸ್ ಅಧಿಕಾರಿಯ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟವನು, ಸೇಡು ಬಿಟ್ಟು, ಊರವರನ್ನೇ ಕೂಡಿಸಿ ರಕ್ಷಣಾ ದಳ ಕಟ್ಟುತ್ತಾನೆ. ಗೆಳತಿ ಬೇಲಾ ಅವನ ಬೆನ್ನಹಿಂದೆ ಅಡಗುವವಳಲ್ಲ, ತಾನೂ ಹೊಡೆದಾಡುವವಳು. ನನ್ನ ಮೆಚ್ಚಿನವಳು ಅವಳೇ.

1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಕರ ವಿರೋಧಿಸಿ ರೈತರು ನಮ್ಮೂರಲ್ಲಿ ಸೇರಿದರು. ಗೋಲಿಬಾರ್ ಆಯಿತು. ರೈತನೂ ಸತ್ತ, ಪೊಲೀಸರೂ ಸತ್ತರು. ಕದ ಹಾಕಿಕೊಂಡು ಕೂತ ಆ ರಾತ್ರಿ ಅಣ್ಣನನ್ನು ಕೇಳಿದೆ: “ಬಹಾದ್ದೂರ ಇದ್ದಿದ್ರ ಯಾರ ಕಡೆ ನಿಲ್ತಿದ್ದ?”

ಅಣ್ಣ ಸುಮ್ಮನಿದ್ದ. ಅವ್ವ ಅಂದಳು: “ಅಳೋರ ಕಡೆ ನಿಂತ್ರ ಸಾಕವ್ವಾ. ಅವ್ರು ಎರಡೂ ಕಡೆ ಅದಾರ.”

‘ಇಂದ್ರಜಾಲ’ 1990ರಲ್ಲಿ ನಿಂತಿತು. ಅಣ್ಣನ ಪುಸ್ತಕಗಳು ರೋಣ, ಗಜೇಂದ್ರಗಡದ ನೆಂಟರ ಮನೆಗಳನ್ನೆಲ್ಲ ಸುತ್ತಿ ಹರಿದುಹೋದವು. ಆದರೆ ಸುರತಿಯವರು 2007ರಿಂದ ಮುಂಬಯಿ ಬಳಿಯ ಮೀರಾ ರೋಡಿನಲ್ಲಿ ಪ್ಲಂಬರನನ್ನು ಕರೆದುಕೊಂಡು ಮನೆಮನೆಗೆ ಹೋಗಿ, ಸೋರುವ ನಳಗಳನ್ನು ಪುಕ್ಕಟೆ ರಿಪೇರಿ ಮಾಡಿಸತೊಡಗಿದರೆಂದು ಮುಂದೆ ಎಲ್ಲೋ ಓದಿದೆ. ನೀರಿನ ಸಲುವಾಗಿ ರಕ್ತ ಹರಿದ ಊರಿನವಳು ನಾನು, ಕಣ್ಣು ತುಂಬಿತು.

ಅವತ್ತು ಸಂಜೆಯೇ ಅಡಿಗೆಮನೆಯ ನಳಕ್ಕೆ ಹೊಸ ವಾಶರ್ ಹಾಕಿಸಿದೆ.